ಟ್ರಾನ್ಸಿಸ್ಟರ್ ಸುಟ್ಟಿಲ್ಲ, ನಡುವೆ ನಿಂತಿದೆ: ಟಾಕಿಯ ಆಟೋ ಸ್ವಿಚ್ ಕೈಕೊಟ್ಟಾಗ ನೋಡುವ ಬಗೆ

ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟ ಮೇಲೆ ಗಂಗಾವತಿಯ ನನ್ನ ರಿಪೇರಿ ಅಂಗಡಿಗೆ ಒಂದೇ ನಮೂನೆಯ ದೂರು ಬರತೊಡಗುತ್ತದೆ. ಮಾಳಿಗೆ ಮೇಲಿನ ಟಾಕಿ ತುಂಬಿ ಹರಿದರೂ ಮೋಟರು ನಿಲ್ಲುತ್ತಿಲ್ಲ ಅಂತ. ಕಳೆದ ವರ್ಷ ಕಾರಟಗಿ ಕಡೆಯ ರೈತರೊಬ್ಬರು, ಟಾಕಿ ತುಂಬಿದಾಗ ಮೋಟರನ್ನು ತಾನೇ ನಿಲ್ಲಿಸಬೇಕಾದ ಆಟೋ ಸ್ವಿಚ್ಚಿನ ಬೋರ್ಡಿನ ಜೊತೆಗೆ ಒಂದು ಕಾಗದದ ಪೊಟ್ಟಣವನ್ನೂ ತಂದರು. ಬಿಚ್ಚಿದರೆ ಒಳಗೆ ಮೂರು ಬಿ.ಸಿ.547 ಟ್ರಾನ್ಸಿಸ್ಟರ್‌ಗಳು.

"ಅಣ್ಣಾರ, ಇವು ಮೂರೂ ಸುಟ್ಟಾವಂತ್ರೀ. ಮೂರ್ ಸಲ ಬದಲ್ ಮಾಡ್ಸೀನಿ. ಹಾಕಿದ ಮ್ಯಾಲೆ ಒಂದ್ ತಿಂಗಳ ಚಲೋ ನಡೀತೈತಿ, ಮತ್ತ ಅದ ಹಣೆಬರಹ. ನಸುಕಿನ್ಯಾಗ ಮೋಟರ್ ಹಾಕಿದ್ರ ಟಾಕಿ ತುಂಬಿ ಗ್ವಾಡಿ ತುಂಬ ನೀರು. ಮಧ್ಯಾಹ್ನ ಹಾಕಿದ್ರ ಮಾತ್ರ ತಾನ ಬಂದ್ ಆಗ್ತೈತಿ."

ಟ್ರಾನ್ಸಿಸ್ಟರಿನ ಮೂರು ಕಾಲುಗಳ ಹೆಸರು ಬೇಸ್, ಎಮಿಟರ್, ಕಲೆಕ್ಟರ್; ಬೇಸಿಗೆ ಕೊಟ್ಟ ಚೂರು ಕರೆಂಟು ಕಲೆಕ್ಟರಿನಿಂದ ಎಮಿಟರಿಗೆ ಹರಿಯುವ ದೊಡ್ಡ ಕರೆಂಟನ್ನು ಆಳುತ್ತದೆ. ಮೂರನ್ನೂ ಮಲ್ಟಿಮೀಟರಿನ ಡಯೋಡ್ ಗುರುತಿಗಿಟ್ಟು ನೋಡಿದೆ. ಬೇಸ್‌ನಿಂದ ಎಮಿಟರ್‌ಗೆ 0.68, ಬೇಸ್‌ನಿಂದ ಕಲೆಕ್ಟರ್‌ಗೆ 0.67, ತಿರುವಿ ಹಿಡಿದರೆ ಏನೂ ಇಲ್ಲ, ಕಲೆಕ್ಟರ್ ಎಮಿಟರ್ ನಡುವೆ ಎರಡೂ ಕಡೆ ಏನೂ ಇಲ್ಲ. ಗೇನ್, ಅಂದರೆ ಬೇಸ್ ಕರೆಂಟನ್ನು ಎಷ್ಟು ಪಟ್ಟು ಮಾಡುತ್ತದೆ ಎಂಬುದನ್ನು ಅಳೆಯುವ ಮೀಟರಿನ ತೂತಿಗೆ ಸಿಕ್ಕಿಸಿದರೆ 160, 175, 190. ಮೂರೂ ಗಟ್ಟಿಮುಟ್ಟು. ಅಂದರೆ ಮೂರು ಸಲ ಕೂಲಿ ಕೊಟ್ಟು ಆ ಮನುಷ್ಯ ಒಳ್ಳೆಯ ಟ್ರಾನ್ಸಿಸ್ಟರ್ ತೆಗೆಸಿ ಒಳ್ಳೆಯ ಟ್ರಾನ್ಸಿಸ್ಟರ್ ಹಾಕಿಸಿದ್ದರು. ಇದು ನನಗೆ ನಿಜಕ್ಕೂ ಸಂಕಟ ಕೊಟ್ಟ ಸಂಗತಿ. ರಿಪೇರಿ ಕಲಿಯಲು ಬರುವ ಹುಡುಗರು ಟ್ರಾನ್ಸಿಸ್ಟರ್‌ಗೆ ಎರಡೇ ಸ್ಥಿತಿ ಎಂದು ಕಲಿತಿರುತ್ತಾರೆ, ಒಳ್ಳೆಯದು ಅಥವಾ ಸುಟ್ಟದ್ದು. ಒಳ್ಳೆಯ ಟ್ರಾನ್ಸಿಸ್ಟರ್ ತಪ್ಪು ಜಾಗದಲ್ಲಿ ನಿಂತಿರಬಹುದು ಎಂಬುದನ್ನು ಯಾರೂ ಹೇಳಿಕೊಟ್ಟಿರುವುದಿಲ್ಲ. ಈ ಬರಹ ಅದಕ್ಕಾಗಿ.

ಮೊದಲು ಬೋರ್ಡು ಹೇಗಿದೆ ನೋಡಿ

ಈ ಭಾಗದಲ್ಲಿ ಓಡಾಡುವ ಅಗ್ಗದ ಆಟೋ ಸ್ವಿಚ್‌ಗಳಲ್ಲಿ ಹೆಚ್ಚಿನವು ಒಂದೇ ಅಚ್ಚಿನವು. ಟ್ರಾನ್ಸ್‌ಫಾರ್ಮರ್, ನಾಲ್ಕು ಡಯೋಡ್, ಒಂದು ದೊಡ್ಡ ಕೆಪಾಸಿಟರ್, 7812 ರೆಗ್ಯುಲೇಟರ್ ಕೂಡಿ ಅಚ್ಚುಕಟ್ಟಾಗಿ 12 ವೋಲ್ಟ್ ಕೊಡುತ್ತವೆ. ಟಾಕಿಯಲ್ಲಿ ಎರಡು ಸ್ಟೀಲ್ ಕಡ್ಡಿ. ತಳದವರೆಗೆ ಇಳಿದ ಉದ್ದ ಕಡ್ಡಿಗೆ ಪ್ಲಸ್ 12 ವೋಲ್ಟ್. ಮೇಲ್ಭಾಗದಲ್ಲಿರುವ ಗಿಡ್ಡ ಕಡ್ಡಿಯಿಂದ ಬಂದ ತಂತಿ 47 ಕಿಲೋಓಮ್ ರೆಸಿಸ್ಟರ್ ದಾಟಿ ಟ್ರಾನ್ಸಿಸ್ಟರಿನ ಬೇಸ್‌ಗೆ ಸೇರುತ್ತದೆ. ಎಮಿಟರ್ ನೇರ ಗ್ರೌಂಡಿಗೆ. ಕಲೆಕ್ಟರ್ ಮತ್ತು 12 ವೋಲ್ಟ್ ನಡುವೆ ರಿಲೇ (ಕರೆಂಟ್ ಹರಿದಾಗ ಅಯಸ್ಕಾಂತವಾಗಿ ಸ್ವಿಚ್ಚನ್ನು ಎಳೆಯುವ ಭಾಗ) ಕಾಯಿಲ್, ಅದರ ಅಡ್ಡಕ್ಕೆ ಒಂದು 1ಎನ್4007 ಡಯೋಡ್. ನೀರು ಗಿಡ್ಡ ಕಡ್ಡಿಯನ್ನು ಮುಟ್ಟಿದಾಗ ನೀರಿನ ಮೂಲಕವೇ ಬೇಸ್‌ಗೆ ಕರೆಂಟ್ ಹರಿದು ರಿಲೇ ಎಳೆದುಕೊಳ್ಳಬೇಕು, ಮೋಟರಿನ ಸ್ಟಾರ್ಟರ್‌ಗೆ ಹೋಗುವ ತಂತಿ ಕಡಿಯಬೇಕು.

ಒಂದು ಎಚ್ಚರಿಕೆಯನ್ನು ಇಲ್ಲೇ ಹೇಳಿಬಿಡುತ್ತೇನೆ. ಮುಚ್ಚಳ ತೆಗೆದಾಗ ಟ್ರಾನ್ಸ್‌ಫಾರ್ಮರ್ ಕಾಣದೆ ಹಳದಿಯದೋ ಕೆಂಪಿನದೋ ಚೌಕ ಕೆಪಾಸಿಟರ್ ಮೂಲಕ 230 ವೋಲ್ಟನ್ನು ಇಳಿಸಿಕೊಂಡ ಬೋರ್ಡು ಕಂಡರೆ, ಅದನ್ನು ರಿಪೇರಿ ಮಾಡಬೇಡಿ. ಅಂಥ ಬೋರ್ಡಿನ ಗ್ರೌಂಡ್ ಮನೆಯ ಲೈನಿಗೆ ನೇರ ಸೇರಿರುತ್ತದೆ, ಅದರ ಕಡ್ಡಿ ಇಳಿದ ನೀರಿನಲ್ಲಿ ಮನೆಮಂದಿ ಕೈಯಿಡುತ್ತಾರೆ. ಗಿರಾಕಿ ಸಿಟ್ಟಾದರೂ ಅದನ್ನು ತೆಗೆಸಿ. ಟ್ರಾನ್ಸ್‌ಫಾರ್ಮರ್ ಇರುವ ಬೋರ್ಡಿನಲ್ಲೂ ರಿಲೇಯ ಕಾಂಟ್ಯಾಕ್ಟ್ ಬದಿಗೆ ಮೋಟರಿನ ಲೈನ್ ಬಂದಿರುತ್ತದೆ. ಅಳೆಯುವ ಮೊದಲು ಆ ತಂತಿಗಳನ್ನು ಬಿಚ್ಚಿಡಿ.

ಸೋಲ್ಡರಿಂಗ್ ಐರನ್ ಕೈಗೆತ್ತಿಕೊಳ್ಳುವ ಮೊದಲು ಎರಡು ಅಳತೆ

ಬೆಸುಗೆ ಹಾಕುವ ಸೋಲ್ಡರಿಂಗ್ ಐರನ್ ಬದಿಗಿಟ್ಟು, ಬೋರ್ಡಿಗೆ ಕರೆಂಟ್ ಕೊಟ್ಟು, ದೋಷ ಕಾಣಿಸುತ್ತಿರುವ ಹೊತ್ತಿನಲ್ಲೇ ಅಳೆಯಬೇಕು. ಮೀಟರಿನ ಕಪ್ಪು ತಂತಿ ಎಮಿಟರಿನ ಮೇಲೆ ಕದಲದೆ ಇರಲಿ. ಕೆಂಪು ತಂತಿಯನ್ನು ಮೊದಲು ಬೇಸ್‌ಗೆ, ಆಮೇಲೆ ಕಲೆಕ್ಟರ್‌ಗೆ ಮುಟ್ಟಿಸಿ. ಬಿ.ಸಿ.547ರ ಚಪ್ಪಟೆ ಮುಖ ನಿಮ್ಮ ಕಡೆಗಿದ್ದು ಕಾಲುಗಳು ಕೆಳಗಿದ್ದರೆ ಎಡದಿಂದ ಬಲಕ್ಕೆ ಕಲೆಕ್ಟರ್, ಬೇಸ್, ಎಮಿಟರ್.

ಬೇಸ್‌ನಲ್ಲಿ ಅರ್ಧ ವೋಲ್ಟಿಗಿಂತ ಕಡಿಮೆ, ಕಲೆಕ್ಟರ್‌ನಲ್ಲಿ ಪೂರ್ತಿ 12 ಇದ್ದರೆ ಟ್ರಾನ್ಸಿಸ್ಟರ್ ಕಟ್‌ಆಫ್‌ನಲ್ಲಿದೆ. ಅಂದರೆ ಪೂರ್ತಿ ಮುಚ್ಚಿದೆ. ಟಾಕಿ ಖಾಲಿ ಇದ್ದಾಗ ಹೀಗೇ ಇರಬೇಕು. ಬೇಸ್ 0.7ರ ಆಸುಪಾಸು, ಕಲೆಕ್ಟರ್ 0.2ಕ್ಕಿಂತ ಕೆಳಗೆ ಇದ್ದರೆ ಸ್ಯಾಚುರೇಶನ್, ಅಂದರೆ ಪೂರ್ತಿ ತೆರೆದಿದೆ. ಇಲ್ಲಿ ಬೇಸ್‌ನ ವೋಲ್ಟೇಜು ಕಲೆಕ್ಟರ್‌ನದಕ್ಕಿಂತ ಮೇಲಿದೆ ಎಂಬುದನ್ನು ಗಮನಿಸಿ. ಎರಡೂ ಜಂಕ್ಷನ್ ಫಾರ್ವರ್ಡ್ ಬಯಾಸ್ ಆದ, ಅಂದರೆ ಕರೆಂಟ್ ಹರಿಯುವ ದಿಕ್ಕಿಗೆ ತೆರೆದ ಸ್ಥಿತಿ ಇದು. ಟಾಕಿ ತುಂಬಿದಾಗ ಬೇಕಾದದ್ದು ಇದೊಂದೇ. ಬೇಸ್ 0.65–0.7 ಇದ್ದೂ ಕಲೆಕ್ಟರ್ 2, 5, 8 ಹೀಗೆ ನಡುವೆಲ್ಲೋ ನಿಂತಿದ್ದರೆ ಅದು ಆಕ್ಟಿವ್ ಪ್ರದೇಶ, ಅಂದರೆ ಅರೆ ತೆರೆದ ಸ್ಥಿತಿ.

ಬೇಸ್‌ನ ಅಂಕಿಯೊಂದನ್ನೇ ನೋಡಿ ನಿರ್ಧರಿಸಬೇಡಿ. ಆಕ್ಟಿವ್‌ನಲ್ಲೂ 0.68, ಸ್ಯಾಚುರೇಶನ್‌ನಲ್ಲೂ 0.7. "ಬೇಸ್‌ಗೆ 0.7 ಬಂದೈತ್ರೀ, ಆದ್ರೂ ರಿಲೇ ಎಳೀವಲ್ದು, ಟ್ರಾನ್ಸಿಸ್ಟರ್ ಹೋಗೈತಿ" ಎಂದು ಹುಡುಗರು ಹೇಳುವುದನ್ನು ನಾನು ಲೆಕ್ಕವಿಲ್ಲದಷ್ಟು ಸಲ ಕೇಳಿದ್ದೇನೆ. ಯಾವ ಪ್ರದೇಶ ಎಂದು ಹೇಳುವುದು ಕಲೆಕ್ಟರ್.

ಕಾಲುವೆಯ ತೂಬು ಬಲ್ಲವರಿಗೆ ಇದು ಹೊಸದಲ್ಲ. ತೂಬಿನ ಹಲಗೆ ಅರ್ಧ ಎತ್ತಿದ್ದಾಗ ಎಷ್ಟು ನೀರು ಹೋಗಬೇಕೆಂದು ಹಲಗೆ ಹೇಳುತ್ತದೆ. ಪೂರ್ತಿ ಎತ್ತಿದ ಮೇಲೆ ಹಲಗೆಯ ಮಾತು ಮುಗಿಯಿತು, ಕೆಳಗಿನ ಕಾಲುವೆಯ ಅಗಲ ಹೇಳುತ್ತದೆ. ನಮ್ಮ ರಿಲೇ ಕಾಯಿಲ್ 400 ಓಮ್. ಟ್ರಾನ್ಸಿಸ್ಟರ್ ಪೂರ್ತಿ ತೆರೆದರೂ 12ನ್ನು 400ರಿಂದ ಭಾಗಿಸಿದಷ್ಟು, ಅಂದರೆ 30 ಮಿಲಿಆಂಪ್ ದಾಟಲಾರದು. ಅಲ್ಲಿಗೆ ಮುಟ್ಟಿದ ಮೇಲೆ ಗೇನ್ 160 ಇದ್ದರೇನು, 400 ಇದ್ದರೇನು, ವ್ಯತ್ಯಾಸ ಕಾಣುವುದಿಲ್ಲ. ಆಕ್ಟಿವ್‌ನಲ್ಲಿ ಮಾತ್ರ ಬೇಸ್ ಕರೆಂಟನ್ನು ಗೇನ್‌ನಿಂದ ಗುಣಿಸಿದಷ್ಟು ಕರೆಂಟ್ ಹರಿಯುತ್ತದೆ, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ.

ಆಕ್ಟಿವ್ ಎಂದರೆ ದೋಷ ಎಂದು ಮಾತ್ರ ತಿಳಿಯಬೇಡಿ. ಗುಡಿಯ ಮೈಕ್ ಸೆಟ್ಟಿನ ಮೊದಲ ಹಂತದ ಟ್ರಾನ್ಸಿಸ್ಟರ್ ಆಕ್ಟಿವ್‌ನಲ್ಲೇ ಇರಬೇಕು, ಅದರ ಕಲೆಕ್ಟರ್ ಸಪ್ಲೈಯ ಅರ್ಧಕ್ಕೆ ಹತ್ತಿರ ನಿಂತಿದ್ದರೆ ಭಜನೆಯ ದನಿ ಒಡೆಯದೆ ಹೊರಬರುತ್ತದೆ. ಅಲ್ಲಿ ಸ್ಯಾಚುರೇಶನ್ ಸಿಕ್ಕರೆ ಅದೇ ರೋಗ. ಕೆಲಸ ನೋಡಿ ಪ್ರದೇಶವನ್ನು ಒಪ್ಪಬೇಕು. ರಿಲೇ ಎಳೆಯುವ ಕೆಲಸಕ್ಕೆ ನಡುವಿನ ಜಾಗ ಬೇಡ.

ನಸುಕಿನ ಅಳತೆ

ಅಂಗಡಿಯ ಮೇಜಿನ ಮೇಲೆ ಈ ಬೋರ್ಡು ಏನೂ ಹೇಳಲಿಲ್ಲ. ಕಡ್ಡಿಗಳ ತಂತಿಗಳೆರಡನ್ನೂ ಮುಟ್ಟಿಸಿದರೆ ರಿಲೇ ಟಕ್ಕೆಂದು ಎಳೆಯುತ್ತಿತ್ತು. ಎಳೆಯದೆ ಏನು? ನೀರೇ ಇಲ್ಲವಲ್ಲ. ನೀರು, ಕಡ್ಡಿ, ಬೋರ್ಡು ಮೂರೂ ಕೂಡಿದಲ್ಲೇ ಈ ದೋಷ ಇರುವುದು. ಮರುದಿನ ನಸುಕಿನಲ್ಲೇ ಅವರ ಮನೆಗೆ ಹೋದೆ. ಮೋಟರನ್ನು ಕೈಯಿಂದಲೇ ಹಾಕಿ ಟಾಕಿ ತುಂಬಿಸಿ, ನೀರು ಗಿಡ್ಡ ಕಡ್ಡಿಯನ್ನು ಮುಟ್ಟಿದ ಮೇಲೆ ಮೋಟರು ನಿಲ್ಲಿಸಿ, ಅದರ ತಂತಿ ಬಿಚ್ಚಿ ಅಳೆದೆ.

ಬೇಸ್ 0.68. ಕಲೆಕ್ಟರ್ 4.8. ಕಾಯಿಲ್‌ನ ಎರಡು ತುದಿಗಳ ನಡುವೆ 7.2. ಬೆರಳಿಟ್ಟರೆ ಟ್ರಾನ್ಸಿಸ್ಟರ್ ಬೆಚ್ಚಗಿತ್ತು.

12 ವೋಲ್ಟಿನ ಇಂಥ ರಿಲೇ ಎಳೆದುಕೊಳ್ಳಲು ಸಾಮಾನ್ಯವಾಗಿ ಅದರ ನಮೂದಿತ ವೋಲ್ಟೇಜಿನ ಮುಕ್ಕಾಲು ಭಾಗ, ಅಂದರೆ 9 ವೋಲ್ಟ್ ಬೇಕು. 7.2ಕ್ಕೆ ಅದು ಕದಲುವುದಿಲ್ಲ. ಕಾಯಿಲ್‌ನ ಕರೆಂಟು 7.2ನ್ನು 400ರಿಂದ ಭಾಗಿಸಿದರೆ 18 ಮಿಲಿಆಂಪ್. ಬೇಸ್ ಕರೆಂಟ್ ತಿಳಿಯಲು ಮೀಟರನ್ನು ಸರಣಿಯಲ್ಲಿ ಸೇರಿಸುವ ಗೋಜು ಬೇಡ. 47 ಕಿಲೋಓಮ್ ರೆಸಿಸ್ಟರಿನ ಎರಡು ತುದಿಗಳ ನಡುವಿನ ವೋಲ್ಟೇಜು ನೋಡಿ. ನನಗೆ ಸಿಕ್ಕಿದ್ದು 4.7 ವೋಲ್ಟ್, ಅಂದರೆ 0.1 ಮಿಲಿಆಂಪ್. 18ನ್ನು 0.1ರಿಂದ ಭಾಗಿಸಿದರೆ 180. ಪೊಟ್ಟಣದಲ್ಲಿದ್ದ ಮೂರರ ಗೇನ್ ಕೂಡ ಇದರ ಆಸುಪಾಸಿನಲ್ಲೇ ಇತ್ತಲ್ಲ? ಬಿ.ಸಿ.547 ಎ ಗುಂಪಿಗೆ 110ರಿಂದ 220ರವರೆಗಿನ ಗೇನ್ ಸಹಜ. ಟ್ರಾನ್ಸಿಸ್ಟರ್ ತನಗೆ ಕೊಟ್ಟ ಬೇಸ್ ಕರೆಂಟಿಗೆ ತಕ್ಕಷ್ಟು ಕೆಲಸವನ್ನು ಪ್ರಾಮಾಣಿಕವಾಗಿ ಮಾಡುತ್ತಿತ್ತು. ಕೊಟ್ಟದ್ದೇ ಕಡಿಮೆ.

ಬೆಚ್ಚಗಾದದ್ದಕ್ಕೂ ಲೆಕ್ಕ ಇದೆ. ಸ್ಯಾಚುರೇಶನ್‌ನಲ್ಲಿ 0.1 ವೋಲ್ಟ್, 30 ಮಿಲಿಆಂಪ್, ಒಟ್ಟು 3 ಮಿಲಿವ್ಯಾಟ್. ಇಲ್ಲಿ 4.8 ವೋಲ್ಟ್, 18 ಮಿಲಿಆಂಪ್, ಒಟ್ಟು 86 ಮಿಲಿವ್ಯಾಟ್. ಮೂವತ್ತು ಪಟ್ಟಿಗೆ ಹತ್ತಿರ. ಈ ಟ್ರಾನ್ಸಿಸ್ಟರ್ 500 ಮಿಲಿವ್ಯಾಟ್ ತಡೆಯುವುದರಿಂದ ಸಾಯುವುದಿಲ್ಲ, ಸುತ್ತಲಿನ ಗಾಳಿಗಿಂತ ಇಪ್ಪತ್ತು ಡಿಗ್ರಿಯ ಹತ್ತಿರ ಬಿಸಿಯಾಗುತ್ತದೆ ಅಷ್ಟೆ. ಆದರೆ ಇದೇ ತಪ್ಪು 100 ಓಮ್ ಕಾಯಿಲ್‌ನ ದೊಡ್ಡ ರಿಲೇಯಲ್ಲಿ ಆದರೆ 360 ಮಿಲಿವ್ಯಾಟ್‌ವರೆಗೆ ಏರುತ್ತದೆ. ನಮ್ಮ ಏಪ್ರಿಲ್ ಮೇ ಬಿಸಿಲಿಗೆ ಕಾದ ತಗಡಿನ ಡಬ್ಬಿಯಲ್ಲಿ ಆಗ ನಿಜಕ್ಕೂ ಸುಡುತ್ತದೆ. ರಿಲೇ ಎಳೆಯುವ ಟ್ರಾನ್ಸಿಸ್ಟರ್ ಬೆರಳಿಗೆ ಬಿಸಿ ತಾಗಿದರೆ ಮೊದಲು ಅನುಮಾನಿಸಬೇಕಾದದ್ದು ಆಕ್ಟಿವ್ ಪ್ರದೇಶವನ್ನು.

ಕರೆಂಟ್ ಕಡಿಮೆಯಾದದ್ದು ಎಲ್ಲಿ

12ರಿಂದ 0.7 ಕಳೆದು 0.1 ಮಿಲಿಆಂಪಿನಿಂದ ಭಾಗಿಸಿದರೆ ದಾರಿಯ ಒಟ್ಟು ರೆಸಿಸ್ಟೆನ್ಸ್ 113 ಕಿಲೋಓಮ್. ಬೋರ್ಡಿನ ಮೇಲಿನ 47 ತೆಗೆದರೆ ಉಳಿದ 66 ಕಿಲೋಓಮ್ ಟಾಕಿಯೊಳಗೆ ಕೂತಿದೆ. ಬರೀ ನೀರಿಗೆ ಇದು ಜಾಸ್ತಿ. ಮಾಳಿಗೆ ಹತ್ತಿ ಗಿಡ್ಡ ಕಡ್ಡಿ ಎತ್ತಿ ನೋಡಿದೆ. ತುದಿಗೆ ಬೆಳ್ಳಗೆ, ಉಗುರಿನಿಂದ ಕೆರೆದರೂ ಬಾರದ ಸುಣ್ಣದ ಪೊರೆ. ಉದ್ದ ಕಡ್ಡಿಯ ಮೇಲೆ ಅಂಥದ್ದಿಲ್ಲ, ಅದು ಸವೆದು ಕಚ್ಚುಕಚ್ಚಾಗಿತ್ತು.

ಇದರ ಕಾರಣವೂ ಸರ್ಕಿಟ್‌ನಲ್ಲೇ ಇದೆ. ಕಡ್ಡಿಗಳ ನಡುವೆ ಡಿಸಿ ಕರೆಂಟ್ ಒಂದೇ ದಿಕ್ಕಿಗೆ ಹರಿಯುತ್ತದೆ. ಪ್ಲಸ್ ಕಡ್ಡಿ ನಿಧಾನಕ್ಕೆ ಕರಗುತ್ತದೆ. ಬೇಸ್‌ಗೆ ಹೋಗುವ ಕಡ್ಡಿ ಮೈನಸ್ ಬದಿಯದು, ಅದರ ಸುತ್ತ ನೀರು ಕ್ಷಾರವಾಗಿ ಗಡಸು ನೀರಿನ ಸುಣ್ಣ ಅಲ್ಲೇ ಹೆಪ್ಪುಗಟ್ಟುತ್ತದೆ. ಅವರ ಮನೆಯಲ್ಲಿ ಬೇಸಿಗೆಯಿಡೀ ಬೋರಿನ ಸವಳು ನೀರು. ಆಗ ಪೊರೆ ಬೆಳೆಯುತ್ತಾ ಹೋದರೂ ಉಪ್ಪು ಹೆಚ್ಚಿದ್ದ ನೀರಿನಲ್ಲಿ ಕರೆಂಟ್ ಸಲೀಸಾಗಿ ಹರಿದು ರಿಲೇ ಹೇಗೋ ಎಳೆಯುತ್ತಿತ್ತು. ಕಾಲುವೆ ಬಂದ ಮೇಲೆ ನೆಲದ ಸಂಪ್ ತೊಟ್ಟಿಗೆ ಸಿಹಿನೀರು ಬಿಟ್ಟರು. ಸಿಹಿನೀರಿನಲ್ಲಿ ಉಪ್ಪು ಕಡಿಮೆ, ಕರೆಂಟೂ ಕಡಿಮೆ. ಬಾಯಿಗೆ ಹಿತವಾದ ನೀರು ಬೇಸ್‌ಗೆ ಹಿತವಾಗಲಿಲ್ಲ.

"ಟ್ರಾನ್ಸಿಸ್ಟರ್ ಬದಲ್ ಮಾಡಾಕ ಬಂದಾಗ ಮಿಸ್ತ್ರಿ ಕಡ್ಡಿ ಏನಾರ ಮುಟ್ಟಿದ್ರೇನ್ರೀ?" ಅಂತ ಕೇಳಿದೆ.

"ಹೌದ್ರೀ, ಪ್ರತಿ ಸಲ ಉಸುಕಿನ ಕಾಗದದಲೆ ತಿಕ್ಕಿ ಒರಸ್ತಿದ್ರು."

ಒಂದು ತಿಂಗಳ ಗುಟ್ಟು ಅಲ್ಲಿತ್ತು. ಗುಣ ಕೊಟ್ಟದ್ದು ಕಡ್ಡಿ ತಿಕ್ಕಿದ್ದು. ಹೆಸರು ಬಂದದ್ದು ಹೊಸ ಟ್ರಾನ್ಸಿಸ್ಟರ್‌ಗೆ. ಆ ಮಿಸ್ತ್ರಿಯನ್ನು ನಾನು ದೂರುವುದಿಲ್ಲ. ಎರಡು ಕೆಲಸ ಒಟ್ಟಿಗೆ ಮಾಡಿದರೆ ಯಾವುದರಿಂದ ಸರಿಹೋಯಿತೆಂದು ಯಾರಿಗೂ ತಿಳಿಯದು. ಅದಕ್ಕೇ ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಬದಲಿಸುವ ಮುಂಚೆ ಮತ್ತು ಆಮೇಲೆ ಕಲೆಕ್ಟರಿನ ಅಂಕಿ ಬರೆದಿಡಿ.

ಇನ್ನು ಮಧ್ಯಾಹ್ನದ ಮಾತು. ಬಿಸಿಲಿಗೆ ಮೂರು ಸಂಗತಿ ಒಟ್ಟಾಗಿ ಬದಲಾಗುತ್ತವೆ. ಟ್ರಾನ್ಸಿಸ್ಟರ್ ಕಾದಂತೆ ಗೇನ್ ಏರುತ್ತದೆ. ಬೇಸ್ ಎಮಿಟರ್ ನಡುವಿನ ವೋಲ್ಟೇಜು ಪ್ರತಿ ಡಿಗ್ರಿಗೆ ಸುಮಾರು 2 ಮಿಲಿವೋಲ್ಟ್ ಇಳಿಯುತ್ತದೆ, 12 ವೋಲ್ಟಿನ ಮುಂದೆ ಇದು ಲೆಕ್ಕಕ್ಕಿಲ್ಲ. ಮುಖ್ಯವಾದದ್ದು ಮೂರನೆಯದು: ನೀರು ಒಂದು ಡಿಗ್ರಿ ಕಾದರೆ ಅದರ ವಾಹಕತೆ ಸುಮಾರು ಶೇಕಡ 2 ಹೆಚ್ಚುತ್ತದೆ. ಕಪ್ಪು ಸಿಂಟೆಕ್ಸ್ ಟಾಕಿಯ ನೀರು ನಮ್ಮ ಕಡೆ ಮಧ್ಯಾಹ್ನ ಸ್ನಾನಕ್ಕೆ ಕಾಯಿಸಿದಷ್ಟು ಬಿಸಿ. ಬೇಸ್ ಕರೆಂಟು 0.12ಕ್ಕೆ, ಗೇನ್ 200ಕ್ಕೆ ಏರಿದರೆ ಸಾಕು, 24 ಮಿಲಿಆಂಪ್ ಆಯಿತು. ರಿಲೇಗೆ ಬೇಕಾದದ್ದು 22.5. ಟಕ್ಕೆಂದು ಎಳೆದುಕೊಂಡಿತು.

ಈ ಲಕ್ಷಣವನ್ನು ಮರೆಯಬೇಡಿ. ಸ್ಯಾಚುರೇಶನ್‌ನಲ್ಲಿ ಸರಿಯಾಗಿ ಕೂತ ಟ್ರಾನ್ಸಿಸ್ಟರ್‌ಗೆ ಹೊತ್ತಿನ ಹಂಗಿಲ್ಲ, ಗೇನ್‌ನ ಹಂಗೂ ಇಲ್ಲ. ದೋಷ ಬಿಸಿಲಿನ ಜೊತೆ ಬಂದು ಹೋಗುತ್ತಿದೆ ಎಂದರೆ, ಟ್ರಾನ್ಸಿಸ್ಟರ್ ಬದಲಿಸಿದಾಗ ಕೆಲವು ಹಿಡಿದು ಕೆಲವು ಹಿಡಿಯುವುದಿಲ್ಲ ಎಂದರೆ, ಸರ್ಕಿಟ್ ಗೇನ್‌ನ ಮೇಲೆ ಭಾರ ಹಾಕಿ ನಿಂತಿದೆ.

ಸರಿಪಡಿಸಿದ್ದು ಹೀಗೆ

ಸ್ವಿಚ್ಚಿನ ಕೆಲಸಕ್ಕೆ ಕಲೆಕ್ಟರ್ ಕರೆಂಟಿನ ಹತ್ತನೇ ಒಂದು ಭಾಗ, ತೀರಾ ಕಡಿಮೆ ಎಂದರೆ ಇಪ್ಪತ್ತನೇ ಒಂದು ಭಾಗ ಬೇಸ್‌ಗೆ ಕೊಡಬೇಕು. ತಯಾರಕರ ಹಾಳೆಯಲ್ಲೂ ಬಿ.ಸಿ.547ರ ಸ್ಯಾಚುರೇಶನ್ ವೋಲ್ಟೇಜನ್ನು ಇಪ್ಪತ್ತನೇ ಒಂದರ ಲೆಕ್ಕದಲ್ಲೇ ಕೊಟ್ಟಿರುತ್ತಾರೆ, 10 ಮಿಲಿಆಂಪಿಗೆ 0.5 ಬೇಸ್ ಕರೆಂಟ್ ಎಂದು. ನಮ್ಮ 30ಕ್ಕೆ 1.5ರಿಂದ 3 ಮಿಲಿಆಂಪ್ ಬೇಕು. ಇದ್ದದ್ದು 0.1. ಕಡ್ಡಿ ಹೊಸದಿದ್ದಾಗಲೂ 0.2ರಷ್ಟೇ ಸಿಗುತ್ತಿದ್ದೀತು. ಅಂದರೆ ಈ ಬೋರ್ಡು ಹುಟ್ಟಿದ ದಿನದಿಂದಲೇ ಅಂಚಿನಲ್ಲಿ ನಿಂತಿತ್ತು.

47 ಕಿಲೋಓಮ್ ತೆಗೆದು 4.7 ಹಾಕಿದರೆ ಆಗದೇ? ಬೇಡ. ನೀರಿನಲ್ಲಿ ಹರಿಯುವ ಕರೆಂಟ್ ಹೆಚ್ಚಿದಷ್ಟೂ ಒಂದು ಕಡ್ಡಿ ಬೇಗ ಕರಗುತ್ತದೆ, ಇನ್ನೊಂದಕ್ಕೆ ಸುಣ್ಣ ಬೇಗ ಕೂಡುತ್ತದೆ. ನೀರಿನಿಂದ ಚೂರೇ ಕರೆಂಟ್ ತೆಗೆದುಕೊಂಡು ಬೋರ್ಡಿನಲ್ಲೇ ದೊಡ್ಡದು ಮಾಡಬೇಕು. ಪೊಟ್ಟಣದಲ್ಲಿದ್ದ ಟ್ರಾನ್ಸಿಸ್ಟರ್‌ಗಳಲ್ಲೇ ಒಂದನ್ನು ಎತ್ತಿ ಮೊದಲ ಹಂತವಾಗಿ ಸೇರಿಸಿದೆ. 47 ಕಿಲೋಓಮ್‌ನ ತುದಿ ಈಗ ಅದರ ಬೇಸ್‌ಗೆ. ಅದರ ಎಮಿಟರ್ ಹಳೆಯ ಟ್ರಾನ್ಸಿಸ್ಟರಿನ ಬೇಸ್‌ಗೆ. ಅದರ ಕಲೆಕ್ಟರ್ 4.7 ಕಿಲೋಓಮ್ ಮೂಲಕ 12 ವೋಲ್ಟಿಗೆ. ಹಳೆಯದರ ಬೇಸ್‌ನಿಂದ ಗ್ರೌಂಡಿಗೆ ಒಂದು 10 ಕಿಲೋಓಮ್.

ಎರಡರ ಕಲೆಕ್ಟರ್‌ಗಳನ್ನು ಒಂದೇ ಕಡೆ ಕಟ್ಟಿ ಡಾರ್ಲಿಂಗ್ಟನ್ ಮಾಡುವ ರೂಢಿಯೂ ಇದೆ. ರಿಲೇ ಅದರಲ್ಲೂ ಎಳೆಯುತ್ತದೆ. ಆದರೆ ಆ ಜೋಡಣೆಯಲ್ಲಿ ಎರಡನೆಯ ಟ್ರಾನ್ಸಿಸ್ಟರ್ ಪೂರ್ತಿ ಸ್ಯಾಚುರೇಶನ್‌ಗೆ ಹೋಗುವುದೇ ಇಲ್ಲ, ಕಲೆಕ್ಟರ್ 0.8ರ ಹತ್ತಿರ ನಿಲ್ಲುತ್ತದೆ. ಬೇರೆ ರೆಸಿಸ್ಟರ್ ಕೊಟ್ಟು ಬಿಡಿಸಿದರೆ ಎರಡನೆಯದರ ಬೇಸ್‌ಗೆ 2 ಮಿಲಿಆಂಪ್ ದಾಟಿ ಸಿಗುತ್ತದೆ, ನೀರಿನಿಂದ ಬೇಕಾದದ್ದು ಅದರ ನೂರನೇ ಒಂದು ಭಾಗಕ್ಕಿಂತ ಕಡಿಮೆ.

ಅಂಗಡಿಯಲ್ಲಿ ಇದನ್ನು ಪರೀಕ್ಷಿಸಲು ಟಾಕಿ ಬೇಕಿಲ್ಲ. ಎರಡು ಕಡ್ಡಿಯ ತಂತಿಗಳ ನಡುವೆ 220 ಕಿಲೋಓಮ್‌ನ ವಾಲ್ಯೂಮ್ ಕಂಟ್ರೋಲ್ ಕಟ್ಟಿ, ಅದನ್ನೇ ನೀರು ಎಂದು ಭಾವಿಸಿ ಸೊನ್ನೆಯಿಂದ ಕೊನೆಯವರೆಗೆ ನಿಧಾನಕ್ಕೆ ತಿರುಗಿಸುತ್ತಾ ಕಲೆಕ್ಟರ್ ನೋಡಿ. ಹಳೆಯ ಬೋರ್ಡಿನಲ್ಲಿ ತಿರುಗಿಸಿದಂತೆ 0.2, 1, 3, 5 ಎಂದು ಅಂಕಿ ಜಾರುತ್ತದೆ. ಹೊಸದರಲ್ಲಿ ಕೊನೆಯವರೆಗೂ 0.1ರಿಂದ ಮೇಲೇಳಲಿಲ್ಲ.

ಬೇರೆ ಅಂಕಿಗಳು ಸಿಕ್ಕರೆ

ಬೇಸ್ 1 ವೋಲ್ಟನ್ನೂ ಮೀರಿ 10, 12ರವರೆಗೆ ಹೋಗಿದ್ದರೆ ಬೇಸ್ ಎಮಿಟರ್ ಜಂಕ್ಷನ್ ಕಡಿದಿದೆ ಅಥವಾ ಎಮಿಟರಿನ ಬೆಸುಗೆ ಬಿಟ್ಟಿದೆ. ಬೇಸ್ 0.7 ಇದ್ದು ಕಲೆಕ್ಟರ್ ಜಗ್ಗದೆ 12ರಲ್ಲೇ ಇದ್ದರೆ, ಮೀಟರನ್ನು ಬೋರ್ಡಿನ ಗೆರೆಯ ಮೇಲಲ್ಲ, ಟ್ರಾನ್ಸಿಸ್ಟರಿನ ಕಾಲಿನ ಮೇಲೇ ಇಟ್ಟು ಮತ್ತೊಮ್ಮೆ ನೋಡಿ. ಅಂಕಿ ಬೇರೆಯಾದರೆ ಬೆಸುಗೆ ಒಣಗಿದೆ, ಅದೇ ಇದ್ದರೆ ಒಳಗೆ ಕಲೆಕ್ಟರ್ ಕಡಿದಿದೆ. ಬೇಸ್ ಸೊನ್ನೆ, ಕಲೆಕ್ಟರೂ ಸೊನ್ನೆ ಎಂದರೆ ಕಾಯಿಲ್‌ನ ತುದಿಗಳನ್ನು ಅಳೆಯಿರಿ. ಅಲ್ಲಿ 12 ಇದ್ದರೆ ಟ್ರಾನ್ಸಿಸ್ಟರ್ ಶಾರ್ಟ್, ಏನೂ ಇಲ್ಲದಿದ್ದರೆ ಕಾಯಿಲ್ ಕಡಿದಿದೆ. ಶಾರ್ಟ್ ಆದ ಟ್ರಾನ್ಸಿಸ್ಟರ್ ಸಿಕ್ಕಾಗ ರಿಲೇಯ ಅಡ್ಡ ಡಯೋಡನ್ನು ತಪ್ಪದೆ ಪರೀಕ್ಷಿಸಿ. ಅದು ಕಡಿದಿದ್ದರೆ ರಿಲೇ ಬಿಡುವ ಪ್ರತಿ ಸಲ ಕಾಯಿಲ್ ಚಿಮ್ಮಿಸುವ ವೋಲ್ಟೇಜು ಟ್ರಾನ್ಸಿಸ್ಟರಿನ ಮೇಲೆ ಬೀಳುತ್ತದೆ, ಮತ್ತು ಬಿ.ಸಿ.547ಕ್ಕೆ ತಡೆಯುವ ಶಕ್ತಿ 45 ವೋಲ್ಟ್ ಮಾತ್ರ.

ಟಾಕಿ ಖಾಲಿಯಾದರೂ ರಿಲೇ ಬಿಡದಿರುವುದು ಇದರ ಎದುರು ದಿಕ್ಕಿನ ದೋಷ, ಕಟ್‌ಆಫ್‌ಗೆ ಇಳಿಯಲಾಗದ್ದು. ಮಳೆಗಾಲದಲ್ಲಿ ಹೆಚ್ಚು. ಮಾಳಿಗೆಯಲ್ಲಿ ತಂತಿಗೆ ಹಾಕಿದ ಗಂಟು ನೆನೆದು ಅಲ್ಲೇ ಕರೆಂಟ್ ಸೋರುತ್ತದೆ. ಎರಡು ಹಂತದ ಬೋರ್ಡಿಗೆ ಸೂಕ್ಷ್ಮತೆ ಜಾಸ್ತಿ, ಹಾಗಾಗಿ ಈ ಕಾಟವೂ ಜಾಸ್ತಿ. ಮೊದಲ ಟ್ರಾನ್ಸಿಸ್ಟರಿನ ಬೇಸ್‌ನಿಂದ ಗ್ರೌಂಡಿಗೆ 100 ಕಿಲೋಓಮ್ ಹಾಕಿದರೆ ಸೋರಿದ್ದು ಅದರಲ್ಲಿ ಹರಿದುಹೋಗುತ್ತದೆ.

ಇನ್ನೊಂದು ಪ್ರದೇಶ ಉಳಿಯಿತು, ಅದು ಸಿಗುವುದು ಕೈತಪ್ಪಿನಿಂದ. ಬಿ.ಸಿ.547 ಸಿಗದಾಗ 2ಎನ್3904 ತಂದು ಅದೇ ಮುಖಕ್ಕೆ ಕೂಡಿಸುತ್ತಾರೆ. ಅದರ ಕಾಲುಗಳು ಎಮಿಟರ್, ಬೇಸ್, ಕಲೆಕ್ಟರ್, ಅಂದರೆ ತಿರುಗುಮುರುಗು. ಟ್ರಾನ್ಸಿಸ್ಟರ್ ಆಗ ರಿವರ್ಸ್ ಆಕ್ಟಿವ್‌ನಲ್ಲಿ ದುಡಿಯುತ್ತದೆ. ನೂರಾರು ಇದ್ದ ಗೇನ್ ಬೆರಳೆಣಿಕೆಗೆ ಇಳಿಯುತ್ತದೆ, ಬೇಸ್‌ನಲ್ಲಿ ಮಾತ್ರ 0.7 ಸರಿಯಾಗೇ ಕಾಣುತ್ತದೆ. ಅಷ್ಟೇ ಅಲ್ಲ, ಎಮಿಟರ್ ಬೇಸ್ ಜಂಕ್ಷನ್ ತಿರುಗಿಸಿ ಕೊಟ್ಟ 6 ವೋಲ್ಟಿಗಿಂತ ಹೆಚ್ಚನ್ನು ತಡೆಯುವ ಭರವಸೆ ಇಲ್ಲ, ಇಲ್ಲಿ ಬೀಳುವುದು 12. ಹಾಗಾಗಿ ನೀರಿಲ್ಲದಾಗಲೂ ಕಾಯಿಲ್‌ನಲ್ಲಿ ಕೆಲವು ವೋಲ್ಟ್ ಕಾಣುತ್ತದೆ. ಹೊಸದಾಗಿ ಹಾಕಿದ ಟ್ರಾನ್ಸಿಸ್ಟರಿನಲ್ಲಿ ಇಂಥ ಗೊಂದಲದ ಅಂಕಿ ಸಿಕ್ಕರೆ ಬಿಚ್ಚಿ 180 ಡಿಗ್ರಿ ತಿರುಗಿಸಿ ಹಾಕಿ. ಒಂದು ಸಲ ಹಾಗೆ ದುಡಿದದ್ದರ ಗೇನ್ ಕುಸಿದಿರಬಹುದು, ಹೊಸದೇ ಹಾಕಿದರೆ ಒಳ್ಳೆಯದು.

ಕಾರಟಗಿ ಕಡೆಯವರ ಬೋರ್ಡಿನ ಮುಚ್ಚಳದ ಒಳಗೆ ಸೀಸದ ಕಡ್ಡಿಯಿಂದ ಬರೆದು ಕೊಟ್ಟೆ: "ಟಾಕಿ ತುಂಬಿದಾಗ ಕಲೆಕ್ಟರ್ 0.08, ಕಾಯಿಲ್ 11.9. ಖಾಲಿ ಇದ್ದಾಗ 12, 0." ಮುಂದೆ ಯಾರೇ ಬಿಚ್ಚಿದರೂ ಹೋಲಿಸಿ ನೋಡಲು. ಗಿಡ್ಡ ಕಡ್ಡಿಯನ್ನು ಕಾಲುವೆ ನೀರು ಬರುವ ಮುಂಚೆ ಒಂದು ಸಲ, ನಿಂತ ಮೇಲೆ ಒಂದು ಸಲ ಹುಳಿ ನೀರಿನಲ್ಲಿ ನೆನೆಸಿ ತಿಕ್ಕಲು ಹೇಳಿದೆ. ಪೊಟ್ಟಣದಲ್ಲಿ ಉಳಿದ ಎರಡು ಟ್ರಾನ್ಸಿಸ್ಟರ್‌ಗಳನ್ನು ಅವರ ಕೈಗೇ ವಾಪಸು ಕೊಟ್ಟೆ.

"ಇವು ಚಲೋ ಅದಾವ್ರೀ, ಇಟ್ಕೊಳ್ರಿ," ಎಂದೆ. ಅವರು ಮಡಚಿ ಅಂಗಿಯ ಜೇಬಿಗೆ ಹಾಕಿಕೊಂಡರು.